ಮಳೆನೀರು ಕೊಲ್ಲು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಆ ದಿನ ನನ್ನ ಟಿಕೆಟ್ಟಿನ ಮೇಲೆ ಸೊನ್ನೆ ಇತ್ತು, ನನ್ನ ಪಕ್ಕ ನಿಂತಿದ್ದ ಡ್ರಮ್ಮಿನ ಟಿಕೆಟ್ಟಿನ ಮೇಲೆ ದುಡ್ಡಿತ್ತು. ಹೆಂಗಸರಿಗೆ ಬಸ್ಸು ಉಚಿತ. ಡ್ರಮ್ಮುಗಳ ಬಗ್ಗೆ ಸರ್ಕಾರ ಇನ್ನೂ ಯೋಚನೆ ಮಾಡಿಲ್ಲ.

ನೀಲಿ ಪ್ಲಾಸ್ಟಿಕ್ ಡ್ರಮ್ಮು, ನನ್ನ ಎದೆಯ ಎತ್ತರದ್ದು. ಕಂಡಕ್ಟರ್ ಅದನ್ನು ಸುತ್ತು ಹಾಕಿ ನೋಡಿದ.

"ಯಾರ್ದವ್ವ ಇದು?"

"ನಂದೇ ಸಾ."

"ಲಗೇಜ್ ಆಯ್ತದೆ."

"ಇದೂ ಎಣ್ಮಗಳೇ ಸಾ, ಫ್ರೀ ಬುಡಿ."

"ಎಣ್ಣಾದ್ರೆ ಆಧಾರ್ ಕಾರ್ಡ್ ತೋರ್ಸು."

"ಕಾರ್ಡ್ ಇನ್ನೂ ಮಾಡ್ಸಿಲ್ಲ. ಇವತ್ತು ಇದ್ನ ನೋಡಕೆ ಬತ್ತಾವ್ರೆ. ಒಪ್ಕಂಡ್ರೆ ಎಲ್ಲಾ ಮಾಡುಸ್ತೀವಿ."

ಬಸ್ಸಿನಲ್ಲಿದ್ದ ಐವತ್ತೆರಡು ಜನವೂ ನಕ್ಕರು. ಸರಿಯಾಗಿ ಹೇಳಬೇಕೆಂದರೆ ಬಸ್ಸಿನಲ್ಲಿದ್ದವರೇ ಇಪ್ಪತ್ತು ಜನ, ಅದರಲ್ಲಿ ನಕ್ಕವರು ಆರು. ಹಿಂದಿನ ಸೀಟಿನಲ್ಲಿ ನಾಲ್ಕು ಇಂಚಿನ ಪೈಪುಗಳನ್ನು ತೊಡೆ ಮೇಲೆ ಅಡ್ಡ ಇಟ್ಟುಕೊಂಡು ಕೂತಿದ್ದ ಅಪ್ಪ, ನಾನು ಯಾರ ಮಗಳೋ ಎನ್ನುವಂತೆ ಕಿಟಕಿಯ ಆಚೆಯ ಕಬ್ಬಿನ ಗದ್ದೆ ನೋಡುತ್ತಿದ್ದ.

ನನಗೆ ಮಾತನ್ನು ಹಿಗ್ಗಿಸುವ ಚಾಳಿ ಇದೆ. ಹಿಗ್ಗಿಸಿದರೆ ಜನ ನಗುತ್ತಾರೆ, ನಕ್ಕರೆ ನನ್ನ ಕಡೆ ನೋಡುತ್ತಾರೆ. ಆದ್ದರಿಂದ ಹಿಗ್ಗಿಸಲಾಗದ ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಡ್ರಮ್ಮು ಒಂದೇ ಕಡೆ ನಿಂತಿದ್ದರೆ, ಅಂಥವು ಹನ್ನೆರಡು ಇದ್ದಿದ್ದರೆ, ನಮ್ಮತ್ತೆಯ ಮನೆಯ ಗೋಡೆ ಈಗಲೂ ಇರುತ್ತಿತ್ತು. ಅತ್ತೆಯೂ.

ಅಪ್ಪ ಗಾರೆ ಮೇಸ್ತ್ರಿ. ನಾವಿರುವುದು ನಂಜನಗೂಡಿನಲ್ಲಿ, ಆದರೆ ಎರಡು ವರ್ಷದಿಂದ ಅವನ ಕೆಲಸವೆಲ್ಲ ನರಸೀಪುರದ ಅಂಚಿನ ಒಂದು ಹೊಸ ಲೇಔಟಿನಲ್ಲಿ. ಮುಂಚೆ ಅದು ಭತ್ತದ ಗದ್ದೆ. ಈಗ ಅಲ್ಲಿ ಅಪ್ಪ ಕಟ್ಟಿದ ಹನ್ನೆರಡು ಮನೆಗಳಿವೆ, ಒಂದರ ಭುಜಕ್ಕೆ ಒಂದು ಭುಜ ಕೊಟ್ಟುಕೊಂಡು, ಗ್ರೂಪ್ ಫೋಟೋಕ್ಕೆ ನಿಂತವರ ಹಾಗೆ.

ಮನೆ ಕಟ್ಟುವುದಕ್ಕೆ ನಿಯಮಗಳಿವೆ. ಸುತ್ತ ಇಷ್ಟು ಜಾಗ ಬಿಡಬೇಕು, ಬಿಟ್ಟ ಜಾಗದಲ್ಲಿ ಒಂದಷ್ಟು ಮಣ್ಣು ಮಣ್ಣಾಗಿಯೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತಾರಸಿಯ ಮೇಲೆ ಬಿದ್ದ ಮಳೆ ಬೀದಿಗೆ ಹೋಗಬಾರದು. ಪೈಪಿನಲ್ಲಿ ಇಳಿದು, ಜಲ್ಲಿ, ಇದ್ದಿಲು, ಮರಳು ತುಂಬಿದ ಡ್ರಮ್ಮಿನಲ್ಲಿ ಸೋಸಿ, ಅಲ್ಲಿಂದ ಇಂಗುಗುಂಡಿಗೆ ಹೋಗಿ ಅದೇ ಸೈಟಿನ ನೆಲದೊಳಗೆ ಇಳಿಯಬೇಕು. ಅದನ್ನು ಒಬ್ಬರು ಬಂದು ನೋಡಿ, ಫೋನಿನಲ್ಲಿ ಫೋಟೋ ತೆಗೆದುಕೊಂಡು ಹೋದರೆ ಮಾತ್ರ ಮನೆ ಮುಗಿದಿದೆ ಎಂಬ ಕಾಗದ, ಆಮೇಲೆ ನಲ್ಲಿ.

ಮೊದಲನೇ ಮನೆಗೆ ಅಪ್ಪ ನಿಜವಾಗಿಯೂ ಗುಂಡಿ ತೋಡಿದ್ದ, ಆಳುದ್ದ. ಅದರ ಯಜಮಾನರು ರಿಟೈರ್ಡ್ ಮೇಷ್ಟ್ರು. ಗುಂಡಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿದರು.

"ಇಲ್ಲಿ ಗುಂಡಿ ತೋಡಿದ್ರೆ ಕಾರೆಲ್ಲಿ ನಿಲ್ಲುಸ್ಲಿ ಮೇಸ್ತ್ರಿ?"

"ಯಾವ್ ಕಾರು ಸಾ?"

"ತಗೊಳ್ಳೋ ಕಾರು."

ಫೋಟೋ ಆದ ಮೇಲೆ, ತಗೊಳ್ಳದ ಕಾರಿಗಾಗಿ ತೋಡಿದ ಗುಂಡಿ ಮುಚ್ಚಿತು. ಮೇಲೆ ಟೈಲ್ಸ್ ಬಂತು. ಎರಡನೇ ಮನೆಯವರು ಮೇಷ್ಟ್ರ ಮನೆ ನೋಡಿ, "ಅವ್ರ್ಗಿಲ್ಲದ್ದು ನಮ್ಗ್ಯಾಕೆ?" ಎಂದರು. ಆದರೆ ಕಾಗದ ಎಲ್ಲರಿಗೂ ಬೇಕು. ಆಗ ಅಪ್ಪ ಮೊದಲನೇ ಮನೆಯಿಂದ ಬಿಚ್ಚಿದ ಡ್ರಮ್ಮನ್ನೂ ಪೈಪನ್ನೂ ತಂದು ಎರಡನೇ ಮನೆಗೆ ಜೋಡಿಸಿದ. ಫೋಟೋ ಆಯಿತು. ಬಿಚ್ಚಿದ. ಹಾಗೆಯೇ ಮೂರು, ನಾಲ್ಕು. ನಡುವೆ ನಮ್ಮ ನಂಜನಗೂಡಿನ ಮನೆಗೆ ಬಂದು ಬಚ್ಚಲ ಪಕ್ಕ ವಿಶ್ರಾಂತಿ ಪಡೆಯುತ್ತಿತ್ತು.

ಡ್ರಮ್ಮಿನೊಳಗೆ ಮರಳೂ ಇಲ್ಲ, ಇದ್ದಿಲೂ ಇಲ್ಲ, ಹೊರಲು ಭಾರವಾಗುತ್ತದಲ್ಲ. ಬಾಯಿಯ ಹತ್ತಿರ ಒಂದು ಅಗಲ ತಟ್ಟೆ ಸಿಕ್ಕಿಸಿ, ಅದರ ಮೇಲೆ ಎರಡು ಬೊಗಸೆ ಜಲ್ಲಿ, ಬಿರಿಯಾನಿ ಮೇಲೆ ಈರುಳ್ಳಿ ಹರಡಿದ ಹಾಗೆ. ಗುಂಡಿಯ ಕತೆಯೂ ಅದೇ. ನೆಲದ ಮೇಲೆ ಒಂದು ದುಂಡನೆಯ ಸಿಮೆಂಟ್ ಮುಚ್ಚಳ, ಅದರ ಕೆಳಗೆ ಮತ್ತೆ ನೆಲ.

ಅದಕ್ಕೆ 'ಎರವಲು ಸರ' ಎಂದು ಹೆಸರಿಟ್ಟವನು ಅಪ್ಪನೇ. ಆ ಹೆಸರಿನ ಮೂಲ ಅತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಲೇಔಟಿನ ಕೆಳಗೆ, ಇಳಿಜಾರು ಮುಗಿಯುವಲ್ಲಿ ಒಂದು ಹಳೇ ಬೀದಿಯಿದೆ, ಅಲ್ಲಿ ಅವಳ ಮನೆ. ಮಾವ ಹೋಗಿ ಬಹಳ ವರ್ಷವಾಗಿತ್ತು. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದಳು, ಮುನ್ನೂರು ಮಕ್ಕಳ ಸಾರಿಗೆ ಉಪ್ಪನ್ನು ಕೈಯಲ್ಲೇ ತೂಗುವವಳು. ಅವಳ ಹತ್ತಿರ ಒಂದು ಎರಡೆಳೆ ಚಿನ್ನದ ಸರವಿತ್ತು. ಬೀದಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದರೂ ಆ ಸರ ಆ ಮನೆಗೆ ಹೋಗುತ್ತಿತ್ತು. ಹುಡುಗಿ ಹಾಕಿಕೊಂಡು ಕಾಫಿ ಕೊಟ್ಟು, ಒಳಗೆ ಹೋಗಿ ಬಿಚ್ಚಿಕೊಡುತ್ತಿದ್ದಳು. ನಮ್ಮಮ್ಮನೂ ಅದನ್ನೇ ಹಾಕಿಕೊಂಡು ಅಪ್ಪನ ಮುಂದೆ ಕೂತಿದ್ದಳಂತೆ. ಅಕ್ಕನ ಸರದ ಗುರುತು ತಮ್ಮನಿಗೆ ಸಿಗಲಿಲ್ಲ, ಅಷ್ಟರಮಟ್ಟಿಗೆ ಅಪ್ಪ ಹುಡುಗಿಯ ಮುಖ ನೋಡುತ್ತಿದ್ದ ಎಂದು ಅತ್ತೆ. ಅಷ್ಟರಮಟ್ಟಿಗೆ ಉಪ್ಪಿಟ್ಟು ನೋಡುತ್ತಿದ್ದ ಎಂದು ಅಮ್ಮ.

ಅತ್ತೆಯ ಮನೆ ನಮ್ಮ ತಾತ ಕಟ್ಟಿದ್ದು. ಮಣ್ಣಿನ ಗೋಡೆ, ಮೊಳಕ್ಕಿಂತ ದಪ್ಪ, ಮೇಲೆ ನಾಡಹೆಂಚು. ಬೇಸಿಗೆಯಲ್ಲಿ ಅಪ್ಪ ಮೇಲಿನ ಕೆಲಸದ ನಡುವೆ ಇಳಿದು ಬಂದು ಅಲ್ಲೇ ಊಟ ಮಾಡಿ, ಬರೀ ನೆಲದ ಮೇಲೆ ಒರಗುತ್ತಿದ್ದ. "ನಾನ್ ಕಟ್ಟೋ ಮನೇಲಿ ಮಧ್ಯಾನ ಮಲಗಕಾಗಲ್ಲ. ನಮ್ಮಪ್ಪ ಕಟ್ಟಿದ್ ಮನೇಲಿ ಮಲಗುದ್ರೆ ಏಳಕಾಗಲ್ಲ," ಎನ್ನುತ್ತಿದ್ದ. ಒಂದೇ ತೊಂದರೆ. ಬೀದಿಗೆ ಕಾಂಕ್ರೀಟ್ ಮೇಲೆ ಕಾಂಕ್ರೀಟ್ ಬಿದ್ದು ರಸ್ತೆ ಬೆಳೆಯುತ್ತಾ ಹೋಯಿತು, ಮನೆ ಇದ್ದಲ್ಲೇ ಇತ್ತು. ತಾತ ಕಟ್ಟಿದಾಗ ಹತ್ತಿ ಹೋಗಬೇಕಿದ್ದ ಮನೆಗೆ ಈಗ ಒಂದು ಮೆಟ್ಟಿಲು ಇಳಿದು ಹೋಗಬೇಕಿತ್ತು. ಮೇಲೆ ಗದ್ದೆಯಿದ್ದಾಗ ಬಿದ್ದ ಮಳೆಯನ್ನು ಗದ್ದೆಯೇ ಕುಡಿಯುತ್ತಿತ್ತು. ಈಗ ಹನ್ನೆರಡು ತಾರಸಿಗಳು ಹೊಟ್ಟೆ ತುಂಬಿದವರಂತೆ ಎಲ್ಲವನ್ನೂ ಬೀದಿಗೆ ಉಗುಳುತ್ತಿದ್ದವು.

ಇನ್ನು ನನ್ನ ಪಾಲು.

ನನ್ನ ಅಕ್ಷರ ಚೆನ್ನಾಗಿದೆ. ಹೈಸ್ಕೂಲಿನಲ್ಲಿ ಕಪ್ಪು ಹಲಗೆಯ ಮೇಲೆ ಸುಭಾಷಿತ ಬರೆಯುತ್ತಿದ್ದುದು ನಾನೇ. ನನ್ನ ಅಕ್ಷರ ನೋಡಿ ಕನ್ನಡ ಮೇಡಂ ಕಣ್ಣೀರು ಹಾಕಿದರು ಎಂದು ನಾನು ಎಲ್ಲರಿಗೂ ಹೇಳಿಕೊಂಡಿದ್ದೇನೆ. ಅವರಿಗೆ ಸೀಮೆಸುಣ್ಣದ ಧೂಳು ಆಗುತ್ತಿರಲಿಲ್ಲ ಎಂಬುದನ್ನು ಹೇಳಿಲ್ಲ. ಹೀಗಾಗಿ ಮೊದಲನೇ ಮನೆಯ ಹೊತ್ತಿಗೇ ಡ್ರಮ್ಮಿನ ಮೇಲೆ ಹೆಸರು ಬರೆಯುವ ಕೆಲಸ ನನಗೆ ಬಂತು. ಹೆಸರಿದ್ದರೆ ನೋಡುವವರಿಗೆ ನಂಬಿಕೆ ಬರುತ್ತದೆ ಎಂಬುದು ಅಪ್ಪನ ಲೆಕ್ಕ. ಬಿಳಿ ಪೇಂಟಿನಲ್ಲಿ, ದುಂಡಗೆ, ಕೆಳಗೆ ಎರಡು ಎಲೆ ಬಿಡಿಸಿ ಬರೆದೆ. ಎಲೆ ನನ್ನ ಸ್ವಂತ ಐಡಿಯಾ.

ಆಮೇಲೆ ಕಾಲೇಜಿನಲ್ಲಿ ಭಾಷಣ ಸ್ಪರ್ಧೆ ಬಂತು. ವಿಷಯ, 'ಹವಾಮಾನ ಬದಲಾವಣೆ ಮತ್ತು ನಮ್ಮ ಮನೆ'. ಬೇರೆಯವರೆಲ್ಲ ಮೊಬೈಲ್ ನೋಡಿ ಹಿಮದ ಕರಡಿಯ ಬಗ್ಗೆ ಬರೆದರು. ನಾನು ಅಪ್ಪನ ಹತ್ತಿರವಿದ್ದ ನಿಯಮದ ಕಾಗದವನ್ನೇ ಬಾಯಿಪಾಠ ಮಾಡಿದೆ. ಮುಂಚೆ ವಾರಗಟ್ಟಲೆ ಹನಿಯುತ್ತಿದ್ದ ಮಳೆ ಈಗ ಒಂದೇ ಗಂಟೆಯಲ್ಲಿ ಸುರಿಯುತ್ತದೆ, ಆದ್ದರಿಂದ ಪ್ರತಿ ಮನೆಯೂ ತನ್ನ ನೀರನ್ನು ತಾನೇ ಹಿಡಿದುಕೊಳ್ಳಬೇಕು, ನಮ್ಮ ತಾರಸಿಯ ನೀರು ಇನ್ನೊಬ್ಬರ ಹೊಸ್ತಿಲಿಗೆ ಹೋಗಬಾರದು, ಎಂದು ಕೈಯೆತ್ತಿ ಹೇಳಿದೆ. ಮೊದಲ ಬಹುಮಾನ. ಚಪ್ಪಾಳೆಗೆ ಸೀಲಿಂಗ್ ಫ್ಯಾನ್ ತಿರುಗಿತು. ಆ ಸಂಜೆ ಮನೆಗೆ ಬಂದು ಬಹುಮಾನದ ಸರ್ಟಿಫಿಕೇಟನ್ನು ಅದೇ ಡ್ರಮ್ಮಿನ ಮುಚ್ಚಳದ ಮೇಲೆ ಇಟ್ಟು, ಕೈಕಾಲು ತೊಳೆದುಕೊಂಡೆ. ನನಗೆ ಏನೂ ಅನ್ನಿಸಲಿಲ್ಲ.

ನಾನು ಹೇಳಿದ ಬಸ್ಸಿನ ಪ್ರಯಾಣ ಹತ್ತನೇ ಮನೆಯದು. ಲಗೇಜ್ ಆಟೋ ಕೆಟ್ಟಿತ್ತು. ಬಸ್ಸಿಳಿದು, ಡ್ರಮ್ಮನ್ನು ಉರುಳಿಸಿಕೊಂಡು ಅತ್ತೆಯ ಮನೆ ಮುಂದೆ ನಿಲ್ಲಿಸಿ ನೀರು ಕುಡಿದೆವು. ಅತ್ತೆ ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದುವಾಗ ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ಆರಿಸುತ್ತಿದ್ದಳು. ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಮ... ಳೆ... ನೀ... ರು. ಕೊ... ಲ್ಲು."

"ಕೊಯ್ಲು ಕಣತ್ತೆ."

"ಇಲ್ ಕೊಲ್ಲು ಅಂತದೆ."

"ನಿನ್ಗೆ ಕಣ್ ಕಾಣಲ್ಲ."

"ನಂಗೆ ಕಾಣುಸ್ತದೆ ಕೂಸೆ. ನೀನೇ ನೋಡು ಬಾ."

ನೋಡಿದೆ. ಯ ಇರಬೇಕಾದಲ್ಲಿ ಲ ಇತ್ತು. ದುಂಡಗೆ, ಮುದ್ದಾಗಿ, ಕೆಳಗೆ ಎರಡು ಎಲೆಯ ಸಮೇತ, ಮಳೆನೀರು ಕೊಲ್ಲು. ಅಷ್ಟು ಹೊತ್ತಿಗೆ ಅದು ಒಂಬತ್ತು ಮನೆ ಸುತ್ತಿ ಬಂದಿತ್ತು. ಒಂಬತ್ತು ಫೋಟೋ, ಒಂಬತ್ತು ಕಡತ. ಒಬ್ಬರೂ ಓದಿರಲಿಲ್ಲ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಅಲ್ಲ ಕಣವ್ವ, ಮಳೆ ನೀರು ಏನ್ ತಪ್ ಮಾಡ್ತು ಅಂತ ಕೊಲ್ಲು ಅಂತೀಯ?"

"ಯಾರ್ ಓದ್ತಾರೆ ಬುಡತ್ತೆ," ಎಂದೆ.

"ನಾನ್ ಓದ್ದೆನಲ್ಲ," ಎಂದಳು.

ನಾನು ಆ ಮಾತಿಗೂ ನಕ್ಕೆ. ತಿದ್ದಲು ಪೇಂಟು ಮನೆಯಲ್ಲಿತ್ತು, ಸೋಮಾರಿತನ ಜೊತೆಯಲ್ಲೇ ಇತ್ತು. ಅತ್ತೆ ನಗು ನಿಲ್ಲಿಸಿ, ಹಿತ್ತಲಿನಿಂದ ಮುಖ ಒರೆಸಿಕೊಂಡು ಬಂದ ಅಪ್ಪನ ಕಡೆ ತಿರುಗಿದಳು.

"ಮೇಗಡೆ ಆ ಗುಂಡಿಗಳ್ನ ತೋಡ್ಸು ಕಣ್ಲಾ. ಓದ್ ಸತಿ ನೀರು ಒಸ್ಲು ತಂಕ ಬಂದು ನಿಂತಿತ್ತು. ಒಳೀಕ್ ಬಂದ್ರೆ ನಮ್ಮಪ್ಪನ್ ಗ್ವಾಡೆ ತಡೀತದಾ?"

"ತೋಡ್ಸನ ಅಕ್ಕ. ಅನ್ನೆರಡ್ನೇ ಮನೆ ಒಂದ್ ಮುಗೀಲಿ. ಎಲ್ರುನೂ ಕೇಳಿ ಒಟ್ಗೇ ತೋಡುಸ್ಬುಡ್ತೀನಿ."

"ನಿನ್ ಒಟ್ಗೇ ಗೊತ್ತಿಲ್ವ ನಂಗೆ? ಮದ್ವೆ ಮಾಡ್ಕಳಾಗ ಬೀರು ಒಟ್ಗೇ ತತ್ತೀನಿ ಅಂದಿದ್ದೆ. ನಿನ್ನೆಂಡ್ತಿ ಇನ್ನೂ ಟ್ರಂಕಲ್ಲೇ ಸೀರೆ ಮಡಗ್ತಾವ್ಳೆ."

ಅಪ್ಪ ನಗುತ್ತಾ ಡ್ರಮ್ಮು ಉರುಳಿಸಿಕೊಂಡು ಏರು ಹತ್ತಿದ. ಹತ್ತನೆಯದಾಯಿತು. ಹನ್ನೊಂದನೆಯದೂ ಆಯಿತು. ಪ್ರತಿ ಸಲವೂ ನೋಡಲು ಬಂದವರು, "ಮೇಸ್ತ್ರಿ, ಪಕ್ಕ ನಿಂತ್ಕೊಂಡು ಬೆರಳು ತೋರ್ಸಿ," ಎನ್ನುತ್ತಿದ್ದರು. ಹನ್ನೊಂದು ಕಡತಗಳಲ್ಲಿ ಅಪ್ಪ ಅದೇ ಶರ್ಟಿನಲ್ಲಿ ಅದೇ ಡ್ರಮ್ಮಿಗೆ ಅದೇ ಬೆರಳು ತೋರಿಸುತ್ತಾ ನಿಂತಿದ್ದಾನೆ. ಬೆರಳಿನ ತುದಿಯಲ್ಲಿ ನನ್ನ ಲ.

ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಳೆ ಬಂತು. ಬಿಸಿಲಿಗೆ ನಮ್ಮ ಬೀದಿಯ ನಾಯಿಗಳೆಲ್ಲ ಬೊಗಳುವುದನ್ನು ಬಿಟ್ಟಿದ್ದ ಸಮಯ. ನಂಜನಗೂಡಿನಲ್ಲೂ ಬಂತು, ನರಸೀಪುರದಲ್ಲೂ ಬಂತು. ಹನಿ ಎನ್ನುವುದೇ ಇರಲಿಲ್ಲ, ಮೇಲಿನಿಂದ ಯಾರೋ ಕೊಳಗ ಬಗ್ಗಿಸಿದಂತಿತ್ತು. ನಾನು ತಾರಸಿಯ ಮೇಲೆ ಹೋಗಿ ನೆನೆದು, ಕೂದಲು ಬಿಚ್ಚಿಕೊಂಡು ರೀಲ್ಸ್ ಮಾಡಿದೆ. ಬಹಳ ಚೆನ್ನಾಗಿ ಬಂತು. ಅದಿನ್ನೂ ನನ್ನ ಫೋನಿನಲ್ಲಿದೆ, ಅಳಿಸಲೂ ಆಗಿಲ್ಲ, ನೋಡಲೂ ಆಗಿಲ್ಲ.

ಸಂಜೆ ಅತ್ತೆ ಫೋನ್ ಮಾಡಿದಳು. ಅಪ್ಪ ಸ್ಪೀಕರಿಗೆ ಹಾಕಿದ.

"ನೀರು ಒಳೀಕೇ ಬಂದ್ಬುಡ್ತು ಕಣ್ಲಾ. ನಿನ್ ಮನೆಗಳ್ ನೀರೇ. ಸಿಮೆಂಟ್ ಬಣ್ಣ ಗೊತ್ತಾಯ್ತದಲ್ಲ."

"ಎಷ್ಟುದ್ದ ನಿಂತದೆ?"

"ಮೊಣಕಾಲ್ ತಂಕ ಇತ್ತು, ಈಗ ಪಾದ ಮುಳುಗೋವಷ್ಟ್ ಅದೆ. ಮೊಗೆದಾಕ್ತಾ ಇವ್ನಿ. ಗ್ವಾಡೆ ಬುಡ ಮುಟ್ಟುದ್ರೆ ರಾಗಿ ಇಟ್ಟು ಕಲ್ಸಿದಂಗೆ ಆಗದೆ."

ಅಪ್ಪ ಎದ್ದು ನಿಂತ. "ಅಕ್ಕ, ಒಳ್ಗೆ ಮಲಿಕಬ್ಯಾಡ. ಪಕ್ಕದ್ ಮನೆ ಜಗ್ಲಿ ಎತ್ರ ಅದೆ, ಅಲ್ಲಿ ಮಲಿಕೊ. ಬೆಳಿಗ್ಗೆ ಗುದ್ಲಿ ತಕಂಡ್ ಬತ್ತೀನಿ. ಕಾಲ್ವೆ ಒಡ್ದು ನೀರ್ ಆಚ್ಗೆ ಬುಟ್ಟು, ಗ್ವಾಡೆಗೆ ಊರುಗೋಲ್ ಕೊಡನ."

"ಊ ಕಣಪ್ಪ. ಅಲ್ಲೇ ಮಲಿಕತೀನಿ. ನಾಳೆ ಅವ್ರ್ ಮಗೀನ ನೋಡಕೆ ಬೇರೆ ಬತ್ತಾವ್ರೆ. ಸರ ಆಗ್ಲೇ ಕೊಟ್ಟಿವ್ನಿ."

ಅತ್ತೆ ಮಾತಿನಂತೆ ಪಕ್ಕದ ಮನೆಯಲ್ಲೇ ಮಲಗಿದಳು.

ಬೆಳಿಗ್ಗೆ ಎಂಥ ಬಿಸಿಲು! ಹಿಂದಿನ ದಿನ ಮಳೆಯೇ ಬಂದಿಲ್ಲ, ನಾವೇ ಸುಳ್ಳು ಹೇಳುತ್ತಿದ್ದೇವೆ ಎನ್ನುವಂಥ ಬಿಸಿಲು. ಲಗೇಜ್ ಆಟೋದಲ್ಲಿ ಗುದ್ದಲಿ, ಹಾರೆ, ನಾಲ್ಕು ಮರದ ತುಂಡು ಹಾಕಿಕೊಂಡೆವು. ಹೊರಡುವಾಗ ಹನ್ನೆರಡನೇ ಮನೆಯ ಯಜಮಾನರ ಫೋನ್ ಬಂತು. ನೋಡುವವರು ಇವತ್ತು ಒಂಬತ್ತೂವರೆಗೇ ಬರುತ್ತಾರೆ, ಇವತ್ತು ತಪ್ಪಿದರೆ ಮುಂದಿನ ತಿಂಗಳು, ಮುಂದಿನ ವಾರ ಗೃಹಪ್ರವೇಶ ಎಂದರು. ಅಪ್ಪ ಬಚ್ಚಲ ಪಕ್ಕ ಹೋಗಿ ಡ್ರಮ್ಮು ಎತ್ತಿ ತಂದ. ಪೈಪು ಹಿಡಿಯಲು ನಾನು ಹತ್ತಿದೆ.

ಏರು ಹತ್ತುವ ಮೊದಲು ಅತ್ತೆಯ ಬೀದಿ ಸಿಗುತ್ತದೆ. ಅತ್ತೆ ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಬೀದಿಯ ಕೆಸರನ್ನು ಪೊರಕೆಯಿಂದ ತಳ್ಳುತ್ತಿದ್ದಳು.

"ಬಂದ್ಯಾ? ಗುದ್ಲಿ ತಂದ್ಯಾ?"

"ತಂದಿವ್ನಿ ಕಣಕ್ಕ. ಮೇಲೆ ನೋಡಕೆ ಬತ್ತಾವ್ರಂತೆ. ಒಂದ್ ಫೋಟೋ ಮುಗಿಸ್ಕಂಡು ಬಂದ್ಬುಡ್ತೀನಿ. ಅತ್ತು ನಿಮ್ಸ."

"ಓಗ್ಬಾ. ಎಣ್ ನೋಡೋರು ಅಲ್ಲೂ ಬತ್ತಾವ್ರೆ, ಇಲ್ಲೂ ಬತ್ತಾವ್ರೆ." ಆಟೋ ಮತ್ತೆ ಸ್ಟಾರ್ಟಾದ ಸದ್ದಿನ ನಡುವೆ ಅತ್ತೆ ಹಿಂದೆ ಕೂತಿದ್ದ ನನ್ನ ಕಡೆ ಬಗ್ಗಿದಳು. "ಕೂಸೆ, ಆ ಅಕ್ಸರ ತಿದ್ದುದ್ಯಾ?"

"ಇನ್ನೂ ಇಲ್ಲ ಅತ್ತೆ."

"ಸೋಂಬೇರಿ ಮುಂಡೇದು," ಎಂದು ನಕ್ಕಳು. ಅದು ಅವಳು ನನಗೆ ಹೇಳಿದ ಕೊನೆಯ ಮಾತು. ಬೇರೆ ಏನಾದರೂ ದೊಡ್ಡ ಮಾತು ಹೇಳಿದಳು ಎಂದು ಬರೆಯುವ ಆಸೆ ನನಗಿದೆ. ಹೇಳಲಿಲ್ಲ.

ಹನ್ನೆರಡನೇ ಮನೆಯಲ್ಲಿ ಹತ್ತು ನಿಮಿಷದಲ್ಲಿ ಎಲ್ಲ ಜೋಡಿಸಿದೆವು. ಆ ಮನೆಗೆ ಪೈಪು ಒಂದು ಗೇಣು ಸಾಲದೆ ಬಂದಿತ್ತು. ಆದ್ದರಿಂದ ನಾನು ಮೂಲೆಯ ಹಿಂದೆ ಅಡಗಿ ನಿಂತು ಅದನ್ನು ಕೈಯಲ್ಲಿ ಎತ್ತಿ ಹಿಡಿದಿದ್ದೆ. ನೋಡಲು ಬಂದವರು ಬೆವರು ಒರೆಸಿಕೊಂಡು ಫೋನ್ ತೆಗೆದರು.

"ನಿನ್ನೆ ಏನ್ ಮಳೆ ಮೇಸ್ತ್ರಿ! ಇಂಥದೆಲ್ಲ ಇದ್ರೆ ಒಳ್ಳೇದು ನೋಡಿ," ಎಂದು ಡ್ರಮ್ಮನ್ನು ತಟ್ಟಿದರು. ಖಾಲಿ ಡ್ರಮ್ಮು ಡೋಲಿನಂತೆ ಸದ್ದು ಮಾಡಿತು. ಅವರಿಗೆ ಕೇಳಿಸಿತೋ ಇಲ್ಲವೋ. "ನಿಂತ್ಕೊಳಿ. ಬೆರಳು ತೋರ್ಸಿ."

ಅಪ್ಪ ಬೆರಳು ತೋರಿಸಿದ.

ಆಗ ಕೆಳಗಿನಿಂದ ಒಂದು ಸದ್ದು ಬಂತು. ದೊಡ್ಡದೇನೂ ಅಲ್ಲ. ಟ್ರ್ಯಾಕ್ಟರಿನಿಂದ ಒಂದು ಲೋಡ್ ಮರಳು ಸುರಿದ ಹಾಗೆ. ಅದರ ಹಿಂದೆ ಹೆಂಚು ಉದುರುವ ಸದ್ದು. ನನಗೆ ಅದೇನೆಂದು ಗೊತ್ತಾಗಲಿಲ್ಲ. ಮೂವತ್ತು ವರ್ಷ ಗೋಡೆ ಕಟ್ಟಿದ ಅಪ್ಪನಿಗೆ ಗೊತ್ತಾಯಿತು. ಬೆರಳು ಇನ್ನೂ ಡ್ರಮ್ಮಿನ ಕಡೆಗೇ ಇತ್ತು, ಮುಖ ಮಾತ್ರ ಇಳಿಜಾರಿನ ಕಡೆ ತಿರುಗಿತು. ಫೋಟೋ ಬಿದ್ದದ್ದು ಆ ಕ್ಷಣದಲ್ಲಿ. ಆಮೇಲೆ ಅಪ್ಪ ಓಡಿದ.

ನಾನು ಪೈಪು ಹಿಡಿದುಕೊಂಡೇ ನಿಂತಿದ್ದೆ. ಬಿಟ್ಟರೆ ಬಿದ್ದುಹೋಗುತ್ತದೆ, ಗೊತ್ತಾಗಿಬಿಡುತ್ತದೆ ಎಂದು. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಪಕ್ಕದ ಮನೆಗೆ ಬಂದ ನೆಂಟರಿಗೆ ಉಪ್ಪಿಟ್ಟು ಮಾಡಲು ದೊಡ್ಡ ಪಾತ್ರೆ ಬೇಕಾಗಿತ್ತಂತೆ. ಅತ್ತೆಯ ಪಾತ್ರೆಗಳೂ ಅವಳ ಸರದಂತೆಯೇ ಬೀದಿಯ ಪಾತ್ರೆಗಳು. "ಒಂದ್ಗಳ್ಗೆ, ತಂದ್ಬುಡ್ತೀನಿ ಇರು," ಎಂದು ಒಳಗೆ ಹೋದಳಂತೆ. ಮಳೆಯಲ್ಲಿ ನಿಂತಿದ್ದ ಗೋಡೆ, ಇರುಳೆಲ್ಲ ನಿಂತಿದ್ದ ಗೋಡೆ, ಬಿಸಿಲಿನಲ್ಲಿ ಬಿತ್ತು. ಮಣ್ಣಿನ ಗೋಡೆ ಹಾಗೆಯೇ ಬೀಳುವುದು ಎಂದು ಅಪ್ಪ ಆಮೇಲೆ ಹೇಳಿದ. ಮೇಲೆ ಒಣಗುತ್ತಾ ಬರುತ್ತದೆ, ಬುಡ ಒಳಗೊಳಗೇ ಕರಗಿರುತ್ತದೆ.

ಕಾಲುವೆ ತೋಡಲು ತಂದ ಗುದ್ದಲಿಯಲ್ಲೇ ಮಣ್ಣು ತೆಗೆದರು. ಹೆಣ್ಣು ನೋಡಲು ಬಂದಿದ್ದ ಹುಡುಗ ಇಸ್ತ್ರಿ ಮಾಡಿದ ಪ್ಯಾಂಟನ್ನು ಮಡಚಿಕೊಂಡು ಕೆಸರಿನಲ್ಲಿ ಇಳಿದು, ಬರಿಗೈಯಲ್ಲಿ ಹೆಂಚು ಎತ್ತುತ್ತಿದ್ದ. ಅತ್ತೆ ಒಲೆಯ ಹತ್ತಿರ ಇದ್ದಳು. ಆಸ್ಪತ್ರೆಗೆ ಒಯ್ದರು, ಆದರೆ ಅದು ಒಯ್ಯಬೇಕು ಎಂದು ಒಯ್ದದ್ದು. ಅಪ್ಪ ಅಳಲಿಲ್ಲ. "ಬುಡ ನೋಡಿ, ಬುಡ ನೋಡಿ," ಎಂದು ಎಲ್ಲರಿಗೂ ಗೋಡೆಯ ಬುಡದ ಮಣ್ಣನ್ನು ಕೈಯಲ್ಲಿ ಹಿಸುಕಿ ತೋರಿಸುತ್ತಿದ್ದ.

ಸರ ಉಳಿಯಿತು, ಎರವಲು ಹೋಗಿದ್ದರಿಂದ. ಪಕ್ಕದ ಮನೆಯ ಹುಡುಗಿ ಅದನ್ನು ಕತ್ತಿನಲ್ಲಿ ಹಾಕಿಕೊಂಡೇ ಆಸ್ಪತ್ರೆಯವರೆಗೂ ಬಂದಿದ್ದಳು. ಬಿಚ್ಚಿ ಯಾರ ಕೈಗೆ ಕೊಡಬೇಕೆಂದು ಗೊತ್ತಾಗದೆ ನನ್ನ ಕೈಗೆ ಕೊಟ್ಟಳು.

ಎರಡು ದಿನ ಬಿಟ್ಟು, ಬಿದ್ದ ಮನೆಯ ವರದಿ ಬರೆದುಕೊಳ್ಳಲು ಒಬ್ಬರು ಬಂದರು. ಒಳ್ಳೆಯವರೇ, ಚಪ್ಪಲಿ ಬಿಟ್ಟು ಮಣ್ಣಿನ ಗುಡ್ಡೆಯ ಮುಂದೆ ನಿಂತರು. ಕಾಗದದ ಮೇಲೆ ಬರೆಯುತ್ತಾ ಗಟ್ಟಿಯಾಗಿ ಓದಿದರು. "ಕಚ್ಚಾ ಮನೆ. ಮಣ್ಣಿನ ಗೋಡೆ. ಕಾರಣ, ಭಾರಿ ಮಳೆ."

"ಗ್ವಾಡೆ ಚೆನ್ನಾಗಿತ್ತು ಸಾ," ಎಂದ ಅಪ್ಪ.

"ಮಣ್ಣಿನ್ದಲ್ವ ಮೇಸ್ತ್ರಿ."

"ಮಣ್ಣಿನ್ದೇ ಸಾ. ನಮ್ಮಪ್ಪ ಕಟ್ಟಿದ್ದು. ಎಷ್ಟು ಮಳೆಗಾಲ ನೋಡದೆ ಅದು. ಮಳೆ ನೀರ್ ಅಲ್ಲ ಸಾ ಬಂದದ್ದು, ಮೇಗ್ಳ ಮನೆಗಳ್ ನೀರು. ನಾನ್ ಕಟ್ಟಿದ್ ಮನೆಗಳು. ಅಂಗೇ ಬರ್ಕಳಿ."

ಅವರು ಕಾಗದವನ್ನು ಮೇಲಿಂದ ಕೆಳಗೆ ನೋಡಿದರು, ಹಿಂದೆ ತಿರುಗಿಸಿಯೂ ನೋಡಿದರು. "ಅದಕ್ಕೆ ಇದರಲ್ಲಿ ಕಾಲಂ ಇಲ್ವಲ್ಲ ಮೇಸ್ತ್ರಿ. ಮತ್ತೆ ಆ ಮನೆಗಳಿಗೆಲ್ಲ ಇಂಗುಗುಂಡಿ ಇದೆ ಅಂತ ಕಡತದಲ್ಲಿ ಫೋಟೋ ಇದೆಯಂತಲ್ಲ. ನೀವೇ ನಿಂತಿದ್ದೀರಂತೆ."

ಅಪ್ಪ ತೋರುಬೆರಳನ್ನು ಅಂಗೈಯೊಳಗೆ ಮಡಚಿಕೊಂಡ. ನಾನು ನನ್ನ ಕಾಲಿನ ಉಗುರು ನೋಡುತ್ತಿದ್ದೆ.

ತಿಥಿ ಮುಗಿದ ಮಾರನೇ ದಿನ ಅಪ್ಪ ಗುದ್ದಲಿ ತೆಗೆದುಕೊಂಡು ಮೇಷ್ಟ್ರ ಮನೆಗೆ ಹೋದ. ಕೂಲಿ ಬೇಡ, ಜಾಗ ಕೊಡಿ ಎಂದ. ಮೇಷ್ಟ್ರು ಗೇಟು ತೆಗೆದು ಅಂಗಳದ ಕಡೆ ತಿರುಗಿ ನೋಡಿದರು. ಟೈಲ್ಸಿನ ಮೇಲೆ ಇನ್ನೂ ಕಾರು ಇರಲಿಲ್ಲ. "ಒಡೀರಿ," ಎಂದು ಒಳಗೆ ಹೋದರು. ಮೊದಲ ಗುಂಡಿ ಮತ್ತೆ ಅಲ್ಲೇ. ಆಮೇಲೆ ಕೆಲವರು ಒಪ್ಪಿದರು. ಕೆಲವರು ವಾಸ್ತು ಎಂದರು, ಕೆಲವರು ನೀರಿನ ಸಂಪ್‌ಗೆ ತೊಂದರೆ ಎಂದರು, ಒಬ್ಬರು ಗೇಟೇ ತೆಗೆಯಲಿಲ್ಲ. ಹನ್ನೆರಡರಲ್ಲಿ ಏಳು ಆಗಿವೆ. ಇನ್ನು ಐದು ತಾರಸಿಗಳ ನೀರು ಈಗಲೂ ಆ ಬೀದಿಗೆ ಇಳಿಯುತ್ತದೆ. ಅಲ್ಲಿ ಈಗ ಅತ್ತೆಯ ಮನೆಯಿಲ್ಲ, ಆದರೆ ಪಕ್ಕದ ಹುಡುಗಿಯ ಮನೆ ಇದೆ, ಅದೂ ಮಣ್ಣಿನದೇ.

ನೀಲಿ ಡ್ರಮ್ಮನ್ನು ಹನ್ನೆರಡನೇ ಮನೆಗೆ ಶಾಶ್ವತವಾಗಿ ಜೋಡಿಸಿದೆವು. ತಟ್ಟೆ ಕಿತ್ತು ಬಿಸಾಕಿ, ಕೆಳಗಿನಿಂದ ಜಲ್ಲಿ, ಇದ್ದಿಲು, ಮರಳು ತುಂಬಿದೆವು. ಪೈಪಿಗೆ ಸಾಲದಿದ್ದ ಒಂದು ಗೇಣಿನ ತುಂಡನ್ನು ಅಪ್ಪ ತಂದು ಅಂಟಿಸಿದ. ತುಂಬಿದ ಡ್ರಮ್ಮನ್ನು ತಟ್ಟಿದರೆ ಸದ್ದೇ ಬರುವುದಿಲ್ಲ.

"ಅಕ್ಸರ ತಿದ್ದು," ಎಂದ ಅಪ್ಪ.

ನಾನು ಅವನಿಗೆ ಹೇಳಿಯೇ ಇರಲಿಲ್ಲ. ಅವತ್ತು ಅತ್ತೆ ಓದುವಾಗ ಅವನು ಹಿತ್ತಲಿನಲ್ಲಿ ಮುಖ ತೊಳೆಯುತ್ತಿದ್ದ, ಕೇಳಿಸಿಲ್ಲ ಎಂದುಕೊಂಡಿದ್ದೆ.

"ನಿಂಗೆ ಎಂಗ್ ಗೊತ್ತು?"

ಅಪ್ಪ ಸಿಮೆಂಟ್ ಮುಚ್ಚಳದ ಅಂಚಿಗೆ ಗಾರೆ ಮೆತ್ತುತ್ತಾ ಕೂತಿದ್ದ. ತಲೆಯೆತ್ತಲಿಲ್ಲ. "ನಿಮ್ಮತ್ತೆ ಆಮೇಕೆ ಫೋನ್ ಮಾಡಿ ಏಳಿದ್ಲು. ಕೂಸು ತಪ್ ಬರ್ದದೆ, ನಾಕ್ ಜನ ನೋಡೋ ಜಾಗ, ತಿದ್ಸು ಅಂತ."

"ನೀ ಏನಂದೆ?"

"ಯಾರ್ ಓದ್ತಾರೆ ಬುಡಕ್ಕ ಅಂದೆ."

ಅದಕ್ಕೆ ಅತ್ತೆ ಏನೆಂದಳು ಎಂದು ನಾನು ಕೇಳಲಿಲ್ಲ. ಅಪ್ಪನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಬ್ಲೇಡಿನಿಂದ ಲ ಕೆರೆದು ತೆಗೆದು ಯ ಬರೆದೆ, ಹೊಸ ಬಿಳಿ ಪೇಂಟಿನಲ್ಲಿ. ಎದುರಿನಿಂದ ನೋಡಿದರೆ ಈಗ ಕೊಯ್ಲು ಎಂದೇ ಇದೆ. ಸಂಜೆ ಬಿಸಿಲು ಅಡ್ಡಲಾಗಿ ಬಿದ್ದಾಗ ಮಾತ್ರ, ಬ್ಲೇಡು ಕೆರೆದ ಗೀರುಗಳಲ್ಲಿ ಹಳೇ ಲ ಕಾಣುತ್ತದೆ. ಕಡತಗಳೊಳಗೆ ಹನ್ನೆರಡು ಕಡೆ ಅದು ಹಾಗೆಯೇ ಇದೆ, ದುಂಡಗೆ, ನನ್ನ ಕೈಬರಹದಲ್ಲಿ.